ಹೆತ್ತ ತಂದೆಯ ಹೇಳದ ದುಃಖ



ಫ್ರಾನ್ಸ್ ದೇಶದ ಈಶಾನ್ಯ ಭಾಗದಲ್ಲಿ ಕೊಲಂಬೆ ಎಂಬ ಸಣ್ಣ ಹಳ್ಳಿಯೊಂದುಂಟು. ಅದರ ಪೂರ್ಣ ಹೆಸರಿಗೆ ‘ಎರಡು ಇಗರ್ಜಿಗಳ ಕೊಲಂಬೆ’ ಎಂದು ಅರ್ಥ. ಅಲ್ಲಿಯ ಇಗರ್ಜಿಯ ಮಗ್ಗುಲಿನ ಸ್ಮಶಾನದಲ್ಲಿ ಬಿಳಿಗಲ್ಲಿನ ಸಾದಾ ಸಮಾಧಿಯೊಂದಿದೆ. ಮೇಲೆ ಮಂಟಪವಿಲ್ಲ, ಬಿರುದಾವಳಿಯ ಕೆತ್ತನೆಯಿಲ್ಲ. ಅಲ್ಲಿ ಮಲಗಿರುವವರು ಫ್ರಾನ್ಸಿನ ಅಧ್ಯಕ್ಷರಾಗಿದ್ದ ಜನರಲ್ ಚಾರ್ಲ್ಸ್ ಡಿಗಾಲ್, ಅವರ ಧರ್ಮಪತ್ನಿ ಇವೋನ್, ಮತ್ತು ಇವರಿಬ್ಬರಿಗಿಂತ ಎಷ್ಟೋ ಮೊದಲೇ ಆ ಮಣ್ಣನ್ನು ಸೇರಿದ ಅವರ ಕಿರಿಯ ಮಗಳು ಆನ್. ನಮ್ಮಂತೆಯೇ ಹೂಳುವ ಸಂಪ್ರದಾಯದವರಾದ್ದರಿಂದ, ಯಾರ ಮಗ್ಗುಲಲ್ಲಿ ಯಾರನ್ನು ಮಲಗಿಸಬೇಕೆಂಬ ಪ್ರಶ್ನೆಯ ತೂಕ ನಿಮಗೆ ಹೊಸದಾಗಿ ವಿವರಿಸಬೇಕಾದುದಲ್ಲ.

ಡಿಗಾಲರು ೧೯೫೨ರ ಜನವರಿ ೧೬ರಂದೇ ತಮ್ಮ ಅಂತ್ಯವಿಧಿಯ ಕುರಿತು ಪತ್ರವೊಂದನ್ನು ಬರೆದಿಟ್ಟಿದ್ದರು. ಸರಕಾರೀ ಅಂತ್ಯಕ್ರಿಯೆ ಬೇಡ, ಮಂತ್ರಿಗಳು ಬೇಡ, ಭಾಷಣ ಬೇಡ. ಮಗಳು ಆನ್ ಮಲಗಿರುವ ಗುಣಿಯಲ್ಲಿಯೇ ತಮ್ಮನ್ನೂ ಮಲಗಿಸಬೇಕು, ಕಲ್ಲಿನ ಮೇಲೆ ಹೆಸರು ಮತ್ತು ಹುಟ್ಟು ಸಾವಿನ ವರ್ಷಗಳ ಹೊರತು ಬೇರೇನೂ ಇರಕೂಡದು ಎಂಬುದು ಅದರ ತಾತ್ಪರ್ಯ. ೧೯೭೦ರ ನವೆಂಬರ್ ೧೨ರಂದು ನಾನಾ ರಾಷ್ಟ್ರಗಳ ನಾಯಕರು ಪ್ಯಾರಿಸ್ಸಿನ ನೋತ್ರ್ ದಾಮ್ ಮಹಾಮಂದಿರದಲ್ಲಿ ಅವರಿಗೆ ಶ್ರದ್ಧಾಂಜಲಿ ಸಲ್ಲಿಸಿದ ದಿನವೇ, ಅವರ ದೇಹವನ್ನು ಹಳ್ಳಿಯವರ ನಡುವೆ ಕೊಲಂಬೆಯಲ್ಲಿ ಆ ಮಗಳ ಬಳಿ ಇಳಿಸಲಾಯಿತು.

ಹಿಟ್ಲರನಿಗೆ ಮಣಿಯದೆ ನಿಂತ ಸೇನಾನಿ ರಾಜರ, ವೀರರ ಮಗ್ಗುಲನ್ನು ಬಯಸದೆ, ತನ್ನ ಇಪ್ಪತ್ತನೆಯ ವಯಸ್ಸಿನಲ್ಲಿ ತೀರಿಕೊಂಡ, ನೆಟ್ಟಗೆ ನಾಲ್ಕು ಮಾತನಾಡಲೂ ಬಾರದಿದ್ದ ಮಗಳ ಮಗ್ಗುಲನ್ನು ಏಕೆ ಬಯಸಿದನು? ಈ ಪ್ರಶ್ನೆಯ ಎಳೆಯನ್ನು ಹಿಡಿದು ಹೋದರೆ ನಾವು ಇತಿಹಾಸದ ಒಂದು ಕತ್ತಲೆಯ ಕೋಣೆಯನ್ನು ಹೊಗುತ್ತೇವೆ. ಹಿಂದೆ ಬುದ್ಧಿಮಾಂದ್ಯರೆಂದೂ ಇಂದು ಬೌದ್ಧಿಕ ಅಂಗವೈಕಲ್ಯವುಳ್ಳವರೆಂದೂ ಕರೆಯಲಾಗುವ ಮಕ್ಕಳ ವಿಷಯದಲ್ಲಿ ವೈದ್ಯರು ಬರೆದದ್ದುಂಟು. ಅವರ ತಾಯಂದಿರ ಕಣ್ಣೀರನ್ನು ಕುರಿತು ಕವಿಗಳೂ ಸಮಾಜಸೇವಕರೂ ಬರೆದದ್ದುಂಟು. ಆದರೆ ತಂದೆಯ ಮನಸ್ಸಿಗೆ ಏನಾಗುತ್ತದೆ ಎಂದು ಯಾರೂ ಕೇಳದೆ ಬಹುಕಾಲ ಕಳೆಯಿತು. ಗಂಡಸು ಅಳಬಾರದು, ದುಡಿದು ತಂದುಹಾಕಬೇಕು, ಇಷ್ಟಾದರೆ ಅವನ ಪಾತ್ರ ಮುಗಿಯಿತು ಎಂಬ ಭಾವನೆ ಅವರ ದೇಶದಲ್ಲಿಯೂ ಇತ್ತು, ನಮ್ಮಲ್ಲಿಯೂ ಇದೆ.

ಮೊದಲಿಗೆ ಈ ದುಃಖದ ಬೆನ್ನಿಗೇ ಅಂಟಿಕೊಂಡು ಬರುವ ಅಪರಾಧ ಭಾವನೆಯ ಮಾತು. ಆನ್‌ಗೆ ಇದ್ದ ಸ್ಥಿತಿಯನ್ನು ಒಂದು ಪ್ರತ್ಯೇಕ ಗುಂಪಾಗಿ ಗುರುತಿಸಿ ೧೮೬೬ರಲ್ಲಿ ಬರೆದವನು ಜಾನ್ ಲಾಂಗ್ಡನ್ ಡೌನ್ ಎಂಬ ಇಂಗ್ಲಿಷ್ ವೈದ್ಯ. ಅವನ ಹೆಸರಿನಿಂದಲೇ ಅದು ಇಂದು ಡೌನ್ ಸಿಂಡ್ರೋಮ್ ಎನಿಸಿಕೊಂಡಿದೆ. ವಿಧಿಯ ಲೀಲೆಯನ್ನು ನೋಡಿ: ಆತ ತೀರಿಕೊಂಡ ಕೆಲವು ವರ್ಷಗಳ ಮೇಲೆ, ೧೯೦೫ರಲ್ಲಿ, ಅವನಂತೆಯೇ ವೈದ್ಯನಾಗಿದ್ದ ಮಗ ರೆಜಿನಾಲ್ಡನ ಮನೆಯಲ್ಲಿ ಅದೇ ಸ್ಥಿತಿಯ ಗಂಡುಮಗು ಹುಟ್ಟಿತು. ಆ ವಿಷಯದಲ್ಲಿ ಅಂದಿನ ಇಂಗ್ಲೆಂಡಿನಲ್ಲಿ ಅವರಷ್ಟು ತಿಳಿದ ಮನೆತನ ಬೇರೊಂದಿರಲಾರದು; ಆದರೂ ಕಾರಣವೇನೆಂದು ಹೇಳಬಲ್ಲವರು ಅವರಲ್ಲಿಯೂ ಇರಲಿಲ್ಲ. ಕಾರಣ ತಿಳಿಯದೆಡೆಯಲ್ಲಿ ಮನುಷ್ಯನು ತಪ್ಪನ್ನು ಹುಡುಕತೊಡಗುತ್ತಾನೆ. ಕುಡಿತವೋ, ಗರ್ಭಿಣಿ ಬೆಚ್ಚಿದಳೋ, ಮನೆತನದ ರಕ್ತದಲ್ಲಿ ದೋಷವೋ ಎಂದು ಯುರೋಪಿನವರು ಹುಡುಕಿದರೆ, ಯಾವ ಜನ್ಮದ ಕರ್ಮವೋ ಎಂದು ನಮ್ಮವರು ಹುಡುಕಿದರು. ಎಲ್ಲಿ ಹುಡುಕಿದರೂ ಕಡೆಗೆ ಬೆರಳು ತಿರುಗುತ್ತಿದ್ದುದು ಹೆತ್ತವರ ಕಡೆಗೇ.

ಈ ಬೆರಳನ್ನು ಕೆಳಗಿಳಿಸಿದುದು ೧೯೫೯ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟವಾದ ಒಂದು ಸಂಶೋಧನೆ. ಜೆರೋಮ್ ಲೆಜೂನ್, ಮಾರ್ತ್ ಗೋತಿಯೇ, ರೇಮೋಂ ಟುರ್ಪಿನ್ ಎಂಬ ಮೂವರು ಈ ಮಕ್ಕಳ ಜೀವಕೋಶಗಳಲ್ಲಿ ೪೬ರ ಬದಲು ೪೭ ವರ್ಣತಂತುಗಳಿರುವುದನ್ನು ತೋರಿಸಿಕೊಟ್ಟರು. ಕೋಶ ಒಡೆದು ಎರಡಾಗುವ ಗಳಿಗೆಯಲ್ಲಿ ಆಕಸ್ಮಿಕವಾಗಿ ನಡೆಯುವ ಒಂದು ತಪ್ಪು ಅದು. ತಂದೆ ತಾಯಿಗಳ ನಡತೆಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಡಿಗಾಲ್ ದಂಪತಿಗಳಿಗೆ ಈ ಸಾಂತ್ವನ ದೊರೆತದ್ದು ಮಗಳು ತೀರಿಕೊಂಡು ಹನ್ನೊಂದು ವರ್ಷವಾದ ಮೇಲೆ. ಅವಳು ಬದುಕಿದ್ದ ಇಪ್ಪತ್ತು ವರ್ಷವನ್ನೂ ಅವರು ‘ಏಕೆ’ ಎಂಬ ಪ್ರಶ್ನೆಗೆ ಉತ್ತರವಿಲ್ಲದೆಯೇ ಕಳೆದರು.

ಆನ್ ಹುಟ್ಟಿದ್ದು ೧೯೨೮ರ ಜನವರಿ ೧ರಂದು, ಜರ್ಮನಿಯ ಟ್ರಿಯರ್ ನಗರದಲ್ಲಿ. ಮೊದಲ ಮಹಾಯುದ್ಧದ ತರುವಾಯ ಜರ್ಮನಿಯ ಆ ಭಾಗವನ್ನು ಹಿಡಿದಿದ್ದ ಫ್ರೆಂಚ್ ಸೇನೆಯ ತುಕಡಿಯೊಂದಕ್ಕೆ ಆಗ ಡಿಗಾಲರು ನಾಯಕರಾಗಿದ್ದರು. ಅವರಿಗೆ ಅದಾಗಲೇ ಫಿಲಿಪ್ ಎಂಬ ಮಗನೂ ಎಲಿಜಬೆತ್ ಎಂಬ ಮಗಳೂ ಇದ್ದರು. ಈ ಮೂರನೆಯ ಮಗು ಉಳಿದಿಬ್ಬರಂತೆ ಬೆಳೆಯಲಾರದೆಂಬುದು ಬೇಗನೆ ತಿಳಿದುಬಂತು. ಅಂಥ ಮಗುವನ್ನು ಯಾವುದಾದರೂ ಸಂಸ್ಥೆಗೆ ಸೇರಿಸಿ ಮರೆಯುವುದು ಆ ಕಾಲದ ಸ್ಥಿತಿವಂತರಲ್ಲಿ ವಾಡಿಕೆ. ದಂಪತಿಗಳು ಹಾಗೆ ಮಾಡಲಿಲ್ಲ. ಆನ್‌ಗೆ ಗುಣವಾಗುವುದಾದರೆ ಪದವಿ ಸಂಪತ್ತುಗಳನ್ನೆಲ್ಲ ಬಿಟ್ಟುಕೊಡಲು ಸಿದ್ಧವಿರುವುದಾಗಿ ಇವೋನ್ ಗೆಳತಿಯೊಬ್ಬಳಿಗೆ ಬರೆದಿದ್ದಳು. ಪತಿಗೆ ೧೯೨೯ರಲ್ಲಿ ಲೆಬನಾನಿನ ಬೈರೂತಿಗೆ ವರ್ಗವಾದಾಗ ಮಗುವೂ ಜೊತೆಯಲ್ಲಿ ಹೋಯಿತು. ೧೯೩೪ರಲ್ಲಿ ಕೊಲಂಬೆಯಲ್ಲಿ ಲಾ ಬ್ವಾಸ್ಸೆರಿ ಎಂಬ ಹಳೆಯ ಮನೆಯನ್ನು ಕೊಂಡದ್ದರ ಹಿಂದೆಯೂ ಈ ಮಗುವೇ ಇತ್ತು. ಮರಗಳ ನಡುವಿನ ಆ ತೋಟದಲ್ಲಿ ಅವಳು ಕುತೂಹಲದ ಕಣ್ಣುಗಳಿಂದ ದೂರವಾಗಿ ಓಡಾಡಬಹುದಾಗಿತ್ತು.

ಹೊರಗೆ ಡಿಗಾಲರನ್ನು ಬಲ್ಲವರು ಅವರನ್ನು ಬಿಗುವಿನ, ತಣ್ಣನೆಯ ಮನುಷ್ಯನೆಂದೇ ತಿಳಿದಿದ್ದರು. ಆರಡಿಗೂ ಮೀರಿದ ಎತ್ತರ, ನಗು ಅಪರೂಪ, ಹೆತ್ತ ಮಕ್ಕಳೊಡನೆಯೂ ಸಲಿಗೆ ಕಡಿಮೆ. ಆದರೆ ಆನ್‌ಳ ಮುಂದೆ ಈ ಕೋಟೆ ಕುಸಿಯುತ್ತಿತ್ತು. ಅವಳಿಗಾಗಿ ಅವರು ಹಾಡುತ್ತಿದ್ದರು, ಕುಣಿಯುತ್ತಿದ್ದರು, ಕಥೆ ಹೇಳುತ್ತಿದ್ದರು. ಸೇನಾಧಿಕಾರಿಯ ಟೊಪ್ಪಿಗೆಯನ್ನು ಅವಳ ಆಟಕ್ಕೆ ಕೊಡುತ್ತಿದ್ದರು. ಅವಳು ಸ್ಪಷ್ಟವಾಗಿ ಉಚ್ಚರಿಸುತ್ತಿದ್ದ ಮಾತೆಂದರೆ ‘ಪಪಾ’ ಎಂಬುದೊಂದೇ ಎಂದು ಹೇಳುತ್ತಾರೆ. ೧೯೩೩ರಲ್ಲಿ ಬ್ರಿಟನಿ ಪ್ರಾಂತದ ಬೆನೋದೆ ಎಂಬ ಕಡಲ ತೀರದಲ್ಲಿ ತೆಗೆದ ಛಾಯಾಚಿತ್ರವೊಂದು ಉಳಿದುಬಂದಿದೆ. ತೊಡೆಯ ಮೇಲೆ ಐದು ವರ್ಷದ ಮಗಳನ್ನು ಕೂರಿಸಿಕೊಂಡ ತಂದೆ ಅವಳ ಮುಖವನ್ನೇ ನೋಡುತ್ತಿದ್ದಾರೆ. ಸೇನಾನಿಯ ನೂರಾರು ಚಿತ್ರಗಳಲ್ಲಿ ಇಂಥದು ಇನ್ನೊಂದಿಲ್ಲವೆಂದು ನನಗೆ ತೋರುತ್ತದೆ.

ಇದೇ ವರ್ಷದಲ್ಲಿ, ಆನ್ ಹುಟ್ಟಿದ ಜರ್ಮನಿಯಲ್ಲಿ, ಇಂಥವರಿಗೆ ಸಂತಾನವಾಗದಂತೆ ಬಲವಂತದ ಶಸ್ತ್ರಕ್ರಿಯೆ ಮಾಡುವ ಕಾನೂನು ಬಂತೆಂಬುದನ್ನು ಇಲ್ಲಿ ನೆನೆಯಬೇಕು. ೧೯೩೯ರ ವೇಳೆಗೆ ಅದು ಕೊಲೆಗೇ ತಿರುಗಿತು. ೧೯೪೧ರ ಆಗಸ್ಟಿನೊಳಗೆ, ಮನೋರೋಗಿಗಳೂ ಬುದ್ಧಿಮಾಂದ್ಯರೂ ಸೇರಿ ಎಪ್ಪತ್ತು ಸಾವಿರಕ್ಕೂ ಮೀರಿದ ನಿರಪರಾಧಿಗಳನ್ನು ನಾಜಿಗಳು ವಿಷಾನಿಲದ ಕೋಣೆಗಳಲ್ಲಿ ಕೊಂದರು. ಮನೆಯವರಿಗೆ ಬರುತ್ತಿದ್ದುದು ಯಾವುದೋ ಕಾಯಿಲೆಯ ಹೆಸರನ್ನು ಹೇಳುವ ಸುಳ್ಳು ಪತ್ರ, ಮತ್ತು ಬೂದಿಯ ಕುಡಿಕೆ. ಆ ಪತ್ರವನ್ನು ಕೈಯಲ್ಲಿ ಹಿಡಿದು, ಸಂಶಯವಿದ್ದರೂ ಬಾಯಿಬಿಡಲಾರದೆ ನಿಂತ ತಂದೆಯರ ಲೆಕ್ಕವನ್ನು ಯಾವ ಇತಿಹಾಸಕಾರನೂ ಇಟ್ಟಿಲ್ಲ.

೧೯೪೦ರ ಮೇ ತಿಂಗಳಿನಲ್ಲಿ ಜರ್ಮನ್ ಸೇನೆ ಫ್ರಾನ್ಸಿನೊಳಗೆ ನುಗ್ಗಿತು. ಟ್ಯಾಂಕುಗಳ ದಳವೊಂದನ್ನು ನಡೆಸುತ್ತಿದ್ದ ಡಿಗಾಲರು ಕಾಳಗದ ಆ ದಿನಗಳಲ್ಲಿ ಸೇನೆಯ ಪಾದ್ರಿಯೊಬ್ಬರೊಡನೆ ಮನಸ್ಸು ಬಿಚ್ಚಿ ಮಾತನಾಡಿದರೆಂದು ಜೀವನಚರಿತ್ರಕಾರರು ಬರೆದಿದ್ದಾರೆ. ಇಂಥ ಮಗುವಿನ ತಂದೆಯಾಗುವುದು ಬಲು ದೊಡ್ಡ ಪರೀಕ್ಷೆ. ಆದರೂ ಅವಳು ತನಗೆ ದೇವರ ಕೃಪೆಯೇ ಆಗಿದ್ದಾಳೆ. ಸೋಲು ಸನ್ಮಾನಗಳೆರಡನ್ನೂ ಮೀರಿ ನೋಡುವಂತೆ ಮಾಡಿದ್ದಾಳೆ ಎಂಬುದು ಅವರ ಮಾತಿನ ಸಾರ. ಇದನ್ನು ಓದಿದಾಗ ನಾವು ‘ಕೃಪೆ’ ಎಂಬ ಮಾತನ್ನು ಎತ್ತಿಹಿಡಿದು ‘ಪರೀಕ್ಷೆ’ ಎಂಬ ಮಾತನ್ನು ನುಂಗಿಬಿಡುವುದುಂಟು. ಭಕ್ತಿಪರ ಬರಹಗಳ ದೋಷವೇ ಇದು. ಆ ತಂದೆ ಎರಡನ್ನೂ ಆಡಿದ್ದರು, ಮತ್ತು ಮೊದಲು ಆಡಿದ್ದು ಪರೀಕ್ಷೆಯ ಮಾತನ್ನು.

ಜೂನ್ ತಿಂಗಳಿನಲ್ಲಿ ಅವರು ಲಂಡನ್ನಿಗೆ ಹಾರಿದಾಗ ಮನೆಯವರು ಬ್ರಿಟನಿಯಲ್ಲಿದ್ದರು. ದೇಶವೇ ದಿಕ್ಕೆಟ್ಟು ಓಡುತ್ತಿದ್ದ ಆ ಗಳಿಗೆಯಲ್ಲಿ ಇವೋನ್ ಮೂವರು ಮಕ್ಕಳನ್ನೂ ಆನ್‌ಳ ದಾದಿ ಮಾರ್ಗರಿಟ್ ಪೊತೆಲ್‌ಳನ್ನೂ ಕರೆದುಕೊಂಡು ಬ್ರೆಸ್ಟ್ ಬಂದರಿನಿಂದ ಹಡಗು ಹತ್ತಿ ಇಂಗ್ಲೆಂಡಿನ ಫಾಲ್ಮತ್ ಸೇರಿದಳು. ತರುವಾಯ ಬಾಂಬುಗಳಿಗೆ ಹೆದರಿ ಲಂಡನ್ನಿನಿಂದ ದೂರದ ಹಳ್ಳಿಗಾಡಿನ ಬಾಡಿಗೆ ಮನೆಗಳಲ್ಲಿ ವಾಸ. ೧೯೪೩ರಲ್ಲಿ ಅಲ್ಜೀರ್ಸಿಗೆ ಪ್ರಯಾಣ. ಇಲ್ಲಿ ಒಂದು ಮಾತನ್ನು ಹೇಳದಿದ್ದರೆ ಅನ್ಯಾಯವಾದೀತು. ಆ ಮಗುವಿನ ದಿನನಿತ್ಯದ ಸೇವೆ ನಡೆದದ್ದು ಇವೋನ್ ಮತ್ತು ಆ ದಾದಿಯ ಕೈಗಳಿಂದ. ಜನರಲ್ಲರಿಗೆ ಸಂಬಳವಿತ್ತು, ಮನೆಯಿತ್ತು, ಆಳಿತ್ತು. ಎರಡೆಕರೆ ಒಣಭೂಮಿಯ ನಮ್ಮ ರೈತನಿಗೆ ಇವಾವುವೂ ಇಲ್ಲ. ಆದ್ದರಿಂದ ಡಿಗಾಲರಂತೆ ಇರಿ ಎಂದು ಯಾವ ತಂದೆಗೂ ಉಪದೇಶಿಸುವುದು ನನ್ನ ಉದ್ದೇಶವಲ್ಲ. ದೊಡ್ಡವರ ಬದುಕಿನಲ್ಲಿ ದಾಖಲೆಗಳು ಉಳಿದಿರುತ್ತವೆ. ಬಡವನ ಎದೆಯಲ್ಲಿ ನಡೆದದ್ದು ಅವನೊಡನೆಯೇ ಮಣ್ಣಾಗುತ್ತದೆ. ದಾಖಲೆಯಿರುವ ಕಡೆ ಹುಡುಕುವುದು ಚರಿತ್ರೆ ಬರೆಯುವವನ ಅನಿವಾರ್ಯತೆ.

ಅಂಥ ದಾಖಲೆಗಳಲ್ಲಿ ನನಗೆ ಮುಖ್ಯವಾಗಿ ಕಂಡದ್ದು ೧೯೪೫ರದು. ಯುದ್ಧ ಮುಗಿದ ಆ ವರ್ಷ, ದೇಶವನ್ನು ಮರಳಿ ಕಟ್ಟುವ ಗದ್ದಲದ ನಡುವೆ, ದಂಪತಿಗಳು ಮಗಳ ಹೆಸರಿನಲ್ಲಿ ಒಂದು ಪ್ರತಿಷ್ಠಾನವನ್ನು ಆರಂಭಿಸಿದರು. ಪ್ಯಾರಿಸ್ಸಿನ ಹತ್ತಿರದ ಮಿಲೋಂ-ಲಾ-ಶಪೆಲ್‌ನಲ್ಲಿ ವೆರ್-ಕರ್ ಎಂಬ ದೊಡ್ಡ ಮನೆಯನ್ನು ಕೊಂಡು, ಇಂಥದೇ ಸ್ಥಿತಿಯ ಬಡ ಹೆಣ್ಣುಮಕ್ಕಳಿಗೆ ಆಶ್ರಯ ಕಲ್ಪಿಸಿದರು. ೧೯೫೪ರಿಂದ ಹೊರಬಂದ ಯುದ್ಧಸ್ಮರಣೆಗಳ ಗ್ರಂಥಗಳ ಗೌರವಧನವೂ ಈ ಸಂಸ್ಥೆಗೇ ಹೋಯಿತು. ಇದನ್ನು ಕೇವಲ ದಾನವೆಂದು ತಿಳಿಯಬೇಡಿ. ‘ನಾವು ಹೋದ ಮೇಲೆ ಇವಳನ್ನು ನೋಡುವವರು ಯಾರು?’ ಎಂಬ ಪ್ರಶ್ನೆ ಇಂಥ ಮಕ್ಕಳ ತಂದೆಯ ನಿದ್ದೆಯನ್ನು ಕೆಡಿಸುವಷ್ಟು ಬೇರಾವುದೂ ಕೆಡಿಸದು. ಆ ಭಯಕ್ಕೆ ಅವರು ಕಟ್ಟಿಕೊಂಡ ಉತ್ತರ ಅದಾಗಿತ್ತು.

ಆದರೆ ವಿಧಿ ಬೇರೆ ಬಗೆದಿತ್ತು. ೧೯೪೮ರ ಫೆಬ್ರವರಿ ೬ರಂದು ಶ್ವಾಸಕೋಶದ ಉರಿಯೂತದಿಂದ ಆನ್ ತಂದೆಯ ತೋಳಿನಲ್ಲಿಯೇ ಕೊನೆಯುಸಿರೆಳೆದಳು. ಮಣ್ಣುಮಾಡಿ ಹಿಂತಿರುಗುವಾಗ, ಗುಣಿಯ ಬಳಿಯಿಂದ ಕದಲದೆ ನಿಂತಿದ್ದ ಪತ್ನಿಯ ಕೈಹಿಡಿದು, ಇನ್ನು ಅವಳೂ ಎಲ್ಲರಂತಾದಳು ಎಂಬರ್ಥದ ಮಾತನ್ನು ಡಿಗಾಲರು ಆಡಿದರಂತೆ. ಇಪ್ಪತ್ತು ವರ್ಷಗಳ ಕಾಲ ಮಗಳು ‘ಎಲ್ಲರಂತಿಲ್ಲ’ ಎಂಬುದು ಅವರ ಎದೆಯಲ್ಲಿ ಹೇಗೆ ಚುಚ್ಚುತ್ತಿತ್ತೆಂಬುದನ್ನು ಈ ಒಂದು ಮಾತೇ ಹೊರಗೆಡಹುತ್ತದೆ. ಮುಂದೆ ೧೯೬೨ರ ಆಗಸ್ಟ್ ೨೨ರಂದು ಪ್ಯಾರಿಸ್ಸಿನ ಬಳಿಯ ಪೆತಿ-ಕ್ಲಾಮಾರ್‌ನಲ್ಲಿ ಅಧ್ಯಕ್ಷರ ಕಾರಿನ ಮೇಲೆ ಗುಂಡಿನ ಮಳೆಯಾಯಿತು. ಹದಿನಾಲ್ಕು ಗುಂಡುಗಳು ಕಾರಿಗೆ ತಗುಲಿದರೂ ದಂಪತಿಗಳು ಬದುಕಿದರು. ಹಿಂದೆ ಇಟ್ಟಿದ್ದ ಆನ್‌ಳ ಭಾವಚಿತ್ರದ ಚೌಕಟ್ಟು ಒಂದು ಗುಂಡನ್ನು ತಡೆಯಿತೆಂದು ಡಿಗಾಲರು ನಂಬಿದ್ದರೆಂದು ಹೇಳುತ್ತಾರೆ. ಮಗಳು ಹೋಗಿ ಹದಿನಾಲ್ಕು ವರ್ಷವಾದ ಮೇಲೂ ಆಕೆಯ ಚಿತ್ರ ತಂದೆಯ ಜೊತೆ ಪ್ರಯಾಣ ಮಾಡುತ್ತಿತ್ತೆಂಬ ಅಂಶವೇ ಆ ಕಥೆಯಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುತ್ತದೆ.

ಇನ್ನು ನಾಣ್ಯದ ಮತ್ತೊಂದು ಮುಖ. ಎರಿಕ್ ಎರಿಕ್ಸನ್ ಎಂಬ ಮನಶ್ಶಾಸ್ತ್ರಜ್ಞನ ಹೆಸರನ್ನು ನಿಮ್ಮಲ್ಲಿ ಶಿಕ್ಷಕ ತರಬೇತಿ ಪಡೆದವರು ಕೇಳಿರುತ್ತೀರಿ. ಮನುಷ್ಯ ಶೈಶವದಿಂದ ಮುಪ್ಪಿನವರೆಗೆ ಎಂಟು ಹಂತಗಳಲ್ಲಿ ಹೇಗೆ ಬೆಳೆಯುತ್ತಾನೆಂದು ನಿರೂಪಿಸಿದವರು ಅವರು. ೧೯೧೮ರ ಅಹಮದಾಬಾದಿನ ಗಿರಣಿ ಮುಷ್ಕರವನ್ನು ಕೇಂದ್ರವಾಗಿಟ್ಟುಕೊಂಡು ಗಾಂಧೀಜಿಯವರ ಸತ್ಯವನ್ನು ಕುರಿತು ೧೯೬೯ರಲ್ಲಿ ಗ್ರಂಥ ಬರೆದವರೂ ಅವರೇ. ೧೯೪೪ರಲ್ಲಿ ಅಮೆರಿಕದಲ್ಲಿ ಅವರಿಗೆ ನೀಲ್ ಎಂಬ ಮಗ ಹುಟ್ಟಿದ. ಆನ್‌ಗಿದ್ದ ಸ್ಥಿತಿಯೇ ಅವನಿಗೂ. ತಾಯಿ ಇನ್ನೂ ಹೆರಿಗೆಯ ಹಾಸಿಗೆಯಲ್ಲಿರುವಾಗಲೇ, ತಿಳಿದವರ ಸಲಹೆಯಂತೆ, ಎರಿಕ್ಸನ್ನರು ಮಗುವನ್ನು ಸಂಸ್ಥೆಗೆ ಕಳಿಸಿದರು. ಮನೆಯ ಉಳಿದ ಮಕ್ಕಳಿಗೆ ಕೂಸು ಸತ್ತುಹೋಯಿತೆಂದು ಹೇಳಲಾಯಿತು. ಮಕ್ಕಳ ಮನಸ್ಸಿನ ಬೆಳವಣಿಗೆಯನ್ನು ಜಗತ್ತಿಗೆ ತಿಳಿಸಿದ ಗ್ರಂಥ ೧೯೫೦ರಲ್ಲಿ ಅವರ ಲೇಖನಿಯಿಂದ ಹೊರಬಂದಾಗ, ನೀಲ್ ಎಲ್ಲಿಯೋ ಅಪರಿಚಿತರ ನಡುವೆ ಬೆಳೆಯುತ್ತಿದ್ದ. ೧೯೬೫ರಲ್ಲಿ ಅವನು ತೀರಿಕೊಂಡಾಗ ತಂದೆತಾಯಿಗಳು ಯುರೋಪಿನಲ್ಲಿದ್ದರು. ತಾವು ಬೆಳೆಯುತ್ತ ಎಂದೂ ಕಾಣದಿದ್ದ ತಮ್ಮನ ಅಂತ್ಯಕ್ರಿಯೆಯನ್ನು ಅಕ್ಕ ಅಣ್ಣಂದಿರು ಮಾಡಬೇಕಾಯಿತು.

ಎರಿಕ್ಸನ್ನರನ್ನು ಕಠಿಣ ಹೃದಯದವರೆಂದು ತೀರ್ಪುಕೊಡುವುದು ಸುಲಭ. ನಾನು ಕೊಡಲಾರೆ. ಅಂದಿನ ವಿದ್ಯಾವಂತ ವೈದ್ಯರೆಲ್ಲರ ಸಲಹೆ ಅದೇ ಆಗಿತ್ತು. ಹೆರಿಗೆಮನೆಯ ಹೊರಗೆ ಒಬ್ಬನೇ ನಿಂತ ತಂದೆ ಒಂದೆರಡು ದಿನಗಳಲ್ಲಿ ನಿರ್ಣಯ ಮಾಡಬೇಕಾಗಿತ್ತು. ತಾಯಿಗೆ ಆಘಾತವಾಗದಿರಲೆಂದು ಗಂಡಸು ಎಲ್ಲವನ್ನೂ ತಾನೇ ಹೊರಬೇಕೆಂಬ ಕಟ್ಟಳೆಯೇ ಅವರನ್ನು ಹಾಗೆ ಮಾಡಿಸಿತು. ಆದರೆ ಅಡಗಿಸಿದ್ದು ಅಡಗಲಿಲ್ಲ. ಅವರ ಜೀವನಚರಿತ್ರೆ ೧೯೯೯ರಲ್ಲಿ ಹೊರಬಂದಾಗ ಆ ಮೌನ ಇಡೀ ಸಂಸಾರದ ಮೇಲೆ ಚಾಚಿದ್ದ ನೆರಳು ಎಲ್ಲರಿಗೂ ತಿಳಿಯಿತು.

ಈ ಎರಡು ತುದಿಗಳ ನಡುವೆ ತೂಗಾಡಿದ ತಂದೆಯೊಬ್ಬರ ಮಾತನ್ನೂ ಹೇಳಿಬಿಡುತ್ತೇನೆ. ಜಪಾನಿನ ಲೇಖಕ ಕೆಂಜಬುರೊ ಓಎ ಅವರಿಗೆ ೧೯೬೩ರ ಜೂನ್ ತಿಂಗಳಿನಲ್ಲಿ, ಇಪ್ಪತ್ತೆಂಟರ ಹರೆಯದಲ್ಲಿ, ಚೊಚ್ಚಲ ಮಗ ಹುಟ್ಟಿದ. ಕೂಸಿನ ತಲೆಬುರುಡೆಯಲ್ಲಿ ಬಿರುಕಿದ್ದು ಮಿದುಳಿನ ಭಾಗ ಹೊರಚಾಚಿತ್ತು. ಶಸ್ತ್ರಕ್ರಿಯೆ ಮಾಡದಿದ್ದರೆ ಸಾವು. ಮಾಡಿದರೆ ಜೀವವುಳಿದರೂ ಬುದ್ಧಿ ಬೆಳೆಯದು. ಯುವಕ ತಂದೆ ತತ್ತರಿಸಿಹೋದರು. ಆ ಬೇಸಿಗೆಯಲ್ಲಿಯೇ ಅವರು ಅಣ್ವಸ್ತ್ರ ವಿರೋಧಿ ಸಮ್ಮೇಳನವೊಂದರ ವರದಿಗಾಗಿ ಹಿರೋಶಿಮಾಕ್ಕೆ ಹೋದರು. ಮನೆಯ ಸಂಕಟದಿಂದ ಓಡಿಹೋದರು ಎಂದರೂ ತಪ್ಪಾಗದು. ಅಲ್ಲಿಯ ರೆಡ್‌ಕ್ರಾಸ್ ಆಸ್ಪತ್ರೆಯಲ್ಲಿ ಫುಮಿಯೊ ಶಿಗೆತೊ ಎಂಬ ವೈದ್ಯರನ್ನು ಕಂಡರು. ಸ್ವತಃ ಅಣುಬಾಂಬಿನ ದಿನವನ್ನು ಉಂಡ ಆ ವೈದ್ಯರು, ಗುಣವಾಗದ ರೋಗಿಗಳ ನಡುವೆ, ಗುಣಪಡಿಸುತ್ತೇನೆಂಬ ಹಮ್ಮಾಗಲಿ ಕೈಲಾಗದೆಂಬ ನಿರಾಶೆಯಾಗಲಿ ಇಲ್ಲದೆ ದಿನದ ಕೆಲಸವನ್ನು ದಿನವೂ ಮಾಡುತ್ತಿದ್ದರು. ನಾವು ಕಾಯಕವೆನ್ನುವುದು ಇದನ್ನೇ ಅಲ್ಲವೆ? ಓಎ ಹಿಂತಿರುಗಿ ಬಂದು ಮಗುವಿನ ಜೊತೆ ಬಾಳಲು ನಿಶ್ಚಯಿಸಿದರು. ಅವನ ಹೆಸರು ಹಿಕಾರಿ, ಎಂದರೆ ಬೆಳಕು.

ಮರುವರ್ಷವೇ ಅವರು ಪ್ರಕಟಿಸಿದ ಕಾದಂಬರಿಯಲ್ಲಿ ವಿಕಲ ಮಗುವಿನ ಸಾವನ್ನೇ ಬಯಸುವ ತಂದೆಯೊಬ್ಬನ ಚಿತ್ರವಿದೆ. ಕುಡಿತ, ನಾಚಿಕೆ, ಪಲಾಯನ ಎಲ್ಲವೂ ಇವೆ. ಅಂಥ ವಿಚಾರ ತಂದೆಯ ಮನಸ್ಸಿನಲ್ಲಿ ಹಾದುಹೋಗಬಹುದೆಂದು ಬಾಯಿಬಿಟ್ಟು ಹೇಳಲು ಸಾಮಾನ್ಯ ಧೈರ್ಯ ಸಾಲದು. ಹಾದುಹೋದ ವಿಚಾರಕ್ಕಾಗಿ ತನ್ನನ್ನು ತಾನೇ ರಾಕ್ಷಸನೆಂದು ಎಣಿಸಿ ನವೆಯುವ ತಂದೆಯರು ಎಷ್ಟೋ ಜನ. ಹಿಕಾರಿ ಮನುಷ್ಯರ ದನಿಗೆ ತಿರುಗಿಯೂ ನೋಡುತ್ತಿರಲಿಲ್ಲ, ಹಕ್ಕಿಗಳ ಕೂಗಿಗೆ ಮಾತ್ರ ಕಿವಿಗೊಡುತ್ತಿದ್ದ. ತಂದೆ ಹಕ್ಕಿಗಳ ಕೂಗಿನ ಧ್ವನಿಮುದ್ರಿಕೆಗಳನ್ನು ತಂದು ಕೇಳಿಸಿದರು. ಆರನೆಯ ವಯಸ್ಸಿನಲ್ಲಿ ಕಾಡಿನ ಬಳಿ ಕೂಗಿದ ಹಕ್ಕಿಯೊಂದರ ಹೆಸರನ್ನು ಹುಡುಗ ತಟ್ಟನೆ ಹೇಳಿದ. ಅದೇ ಅವನ ಮೊದಲ ಮಾತು. ಮುಂದೆ ಅವನು ಸಂಗೀತ ರಚನೆ ಮಾಡಿದ. ತಂದೆ ೧೯೯೪ರಲ್ಲಿ ನೊಬೆಲ್ ಬಹುಮಾನ ಸ್ವೀಕರಿಸಿ ಮಾಡಿದ ಉಪನ್ಯಾಸದಲ್ಲಿ ಈ ಮಗನ ಕಥೆಯನ್ನೇ ಹೇಳಿದರು. ಎಲ್ಲ ಮಕ್ಕಳೂ ಸಂಗೀತಗಾರರಾಗುವುದಿಲ್ಲ; ಆಗಬೇಕಾಗಿಯೂ ಇಲ್ಲ. ಆನ್ ಏನೂ ಆಗಲಿಲ್ಲ.

ವಿದ್ವಾಂಸರು ಈ ಕೋಣೆಯೊಳಗೆ ದೀಪ ಹಿಡಿದು ಬಂದದ್ದು ತಡವಾಗಿ. ೧೯೬೨ರಲ್ಲಿ ಸೈಮನ್ ಓಲ್ಶಾನ್ಸ್ಕಿ ಎಂಬ ಅಮೆರಿಕದ ಲೇಖಕ, ಇಂಥ ಮಕ್ಕಳ ತಂದೆತಾಯಿಗಳ ದುಃಖ ಒಂದು ದಿನಕ್ಕೆ ಮುಗಿಯುವಂಥದಲ್ಲ, ಬದುಕಿನುದ್ದಕ್ಕೂ ಹರಿಯುವಂಥದು, ಮತ್ತು ಅದು ರೋಗವಲ್ಲ, ಸಹಜವೆಂದು ಬರೆದ. ‘ಒಪ್ಪಿಕೊಳ್ಳಿ, ಮರೆತುಬಿಡಿ’ ಎಂದು ಅವರನ್ನು ಒತ್ತಾಯಿಸುವುದೇ ತಪ್ಪೆಂದೂ ಹೇಳಿದ. ಓರಗೆಯ ಮಕ್ಕಳು ಶಾಲೆಗೆ ಹೋಗುವ ದಿನ, ಅವರ ಮದುವೆಯ ದಿನ ಆ ಗಾಯ ಮತ್ತೆ ಹಸಿಯಾಗುತ್ತದೆಂಬುದನ್ನು ಅನಂತರದವರು ಗುರುತಿಸಿದರು. ಆದರೂ ಬಹುತೇಕ ಅಧ್ಯಯನಗಳು ತಾಯಂದಿರನ್ನೇ ಕೇಳಿ ಬರೆದಂಥವು. ತಂದೆಯನ್ನೇ ಎದುರಿಗೆ ಕೂರಿಸಿ ಕೇಳಿದ ಮೊದಮೊದಲ ಅಧ್ಯಯನಗಳಲ್ಲಿ ೧೯೭೬ರಲ್ಲಿ ಕಮಿಂಗ್ಸ್ ಎಂಬಾತ ಪ್ರಕಟಿಸಿದ್ದು ಒಂದು. ಇಂಥ ತಂದೆಯರಲ್ಲಿ ಖಿನ್ನತೆ ಹೆಚ್ಚು, ತಮ್ಮ ಬಗ್ಗೆ ತಮಗಿರುವ ಗೌರವ ಕಡಿಮೆ ಎಂಬುದು ಅದರಲ್ಲಿ ಕಂಡುಬಂತು. ಅದೇ ದಶಕದ ಕೊನೆಗೆ ಸಿಯಾಟಲ್ ನಗರದ ವಿಶ್ವವಿದ್ಯಾಲಯದಲ್ಲಿ ತಂದೆಯರಿಗಾಗಿಯೇ, ಮಕ್ಕಳನ್ನು ಜೊತೆಗೆ ಕರೆತಂದು ಕೂಡುವ ಕೂಟವೊಂದು ಆರಂಭವಾಯಿತು.

ಗಂಡಸಿನ ಖಿನ್ನತೆ ಬಹುಮಟ್ಟಿಗೆ ವೇಷ ಮರೆಸಿಕೊಂಡು ಬರುತ್ತದೆ. ಅದು ಕಣ್ಣೀರಾಗಿ ಬಾರದೆ ಸಿಡುಕಾಗಿ ಬರುತ್ತದೆ. ಹೊತ್ತು ಮೀರಿ ಹೊಲದಲ್ಲಿಯೋ ಅಂಗಡಿಯಲ್ಲಿಯೋ ಉಳಿಯುವ ಅಭ್ಯಾಸವಾಗಿ, ಕುಡಿತವಾಗಿ, ಕಾರಣ ತಿಳಿಯದ ಎದೆನೋವು ಬೆನ್ನುನೋವಾಗಿ, ನಿದ್ದೆಗೇಡಾಗಿ ಬರುತ್ತದೆ. ‘ಅವನಿಗೆ ಮಗುವಿನ ಮೇಲೆ ಮಮತೆಯೇ ಇಲ್ಲ’ ಎಂದು ಊರು ಆಡಿಕೊಳ್ಳುತ್ತದೆ. ನಾಲ್ಕು ಜನ ಸೇರುವ ಮದುವೆ ಮುಂಜಿಗಳಿಂದ ಅವನು ದೂರ ಸರಿಯುತ್ತಾನೆ. ನಮ್ಮ ಜಾತ್ರೆಗಳಲ್ಲಿ ನೀವೇ ನೋಡಿರಬಹುದು: ಜನಸಂದಣಿ ಕರಗಿದ ಮೇಲೆ, ಬೆಳೆದ ಮಗನ ಕೈಯನ್ನು ಬಿಗಿಹಿಡಿದುಕೊಂಡು ಕರ್ತೃ ಗದ್ದುಗೆಯ ಬಳಿಗೆ ಬಂದು, ಯಾರೊಡನೆಯೂ ಮಾತಾಡದೆ ಹಿಂತಿರುಗುವ ತಂದೆಯನ್ನು. ಪಂಚಸೂತಕಗಳನ್ನೇ ತಳ್ಳಿಹಾಕಿದ ಶರಣರ ಹೆಸರು ಹೇಳುವ ನಾವು, ಮನೆಯ ಮಗುವೊಂದನ್ನು ಸೂತಕದಂತೆ ಒಳಕೋಣೆಯಲ್ಲಿಡುವ ಗತಿಯನ್ನು ಆ ತಂದೆಗೆ ತಂದಿದ್ದೇವೆಯೇ ಎಂದು ಕೇಳಿಕೊಳ್ಳಬೇಕಾಗಿದೆ.

ಹಾಗೆಂದು ನಮ್ಮ ನಾಡಿನಲ್ಲಿ ಏನೂ ನಡೆದಿಲ್ಲವೆನ್ನಬಾರದು. ೧೯೫೦ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಡಾಕ್ಟರ್ ವಿದ್ಯಾಸಾಗರರು ಅಂಗಳದಲ್ಲಿ ಡೇರೆಗಳನ್ನು ಹಾಕಿಸಿ ರೋಗಿಗಳ ಜೊತೆ ಮನೆಯವರನ್ನೂ ಇರಿಸಿಕೊಂಡರು. ಮನೆಯವರನ್ನು ಬಿಟ್ಟು ಮನಸ್ಸಿನ ಚಿಕಿತ್ಸೆಯಿಲ್ಲವೆಂಬುದನ್ನು ಅವರು ಹಾಗೆ ತೋರಿಸಿಕೊಟ್ಟರು. ೧೯೯೯ರಲ್ಲಿ ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನವರು ಪ್ರಕಟಿಸಿದ ಅಧ್ಯಯನ, ಇಂಥ ಮಕ್ಕಳ ತಂದೆತಾಯಿಗಳನ್ನು ಗುಂಪಾಗಿ ಕೂರಿಸಿ ತಿಳಿವಳಿಕೆ ಕೊಟ್ಟು ಮಾತಾಡಗೊಟ್ಟರೆ ಮಗುವಿನ ಬಗೆಗಿನ ಅವರ ಮನೋಭಾವ ಸುಧಾರಿಸುವುದೆಂದು ತೋರಿಸಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ. ೨೦೨೨ರ ಅಕ್ಟೋಬರಿನಿಂದ ೧೪೪೧೬ ಎಂಬ ಉಚಿತ ದೂರವಾಣಿ ಸಂಖ್ಯೆಗೆ ಹೆಸರು ಹೇಳದೆಯೂ ಕರೆಮಾಡಿ ಕನ್ನಡದಲ್ಲಿಯೇ ಮನಸ್ಸಿನ ಸಂಕಟವನ್ನು ಹೇಳಿಕೊಳ್ಳಬಹುದು. ಖಿನ್ನತೆಗೆ ಔಷಧವುಂಟು, ಮಾತಿನ ಚಿಕಿತ್ಸೆಯುಂಟು. ಅದನ್ನು ಪಡೆಯುವುದು ಗಂಡಸುತನಕ್ಕೆ ಕುಂದಲ್ಲ.

ಕೊನೆಯದಾಗಿ, ಡಿಗಾಲರು ೧೯೪೫ರಲ್ಲಿ ಕೇಳಿಕೊಂಡ ‘ನಮ್ಮ ನಂತರ ಯಾರು’ ಎಂಬ ಪ್ರಶ್ನೆಯ ಬಗೆಗೆ. ಹದಿನೆಂಟ ದಾಟಿದ ಮಗನಿಗೆ ಅಥವಾ ಮಗಳಿಗೆ ಕಾನೂನಿನ ಕಣ್ಣಿನಲ್ಲಿ ತಂದೆ ತಾನಾಗಿಯೇ ಪೋಷಕನಾಗಿ ಉಳಿಯುವುದಿಲ್ಲವೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ೧೯೯೯ರ ರಾಷ್ಟ್ರೀಯ ನ್ಯಾಸ ಕಾಯಿದೆಯ ಪ್ರಕಾರ ಬೌದ್ಧಿಕ ಅಂಗವೈಕಲ್ಯ, ಆಟಿಸಂ, ಮಿದುಳಿನ ಪಾರ್ಶ್ವವಾಯು ಮತ್ತು ಬಹುವಿಧ ಅಂಗವೈಕಲ್ಯವುಳ್ಳವರಿಗೆ ಕಾನೂನುಬದ್ಧ ಪೋಷಕರನ್ನು ನೇಮಿಸಬಹುದು. ಇದಕ್ಕಾಗಿ ಪ್ರತಿ ಜಿಲ್ಲೆಗೂ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಸ್ಥಳೀಯ ಸಮಿತಿಯನ್ನು ಕಾಯಿದೆ ವಿಧಿಸಿದೆ. ಅರ್ಜಿಯನ್ನು ಅಲ್ಲಿಗೆ ಕೊಡಬೇಕು. ಇದೇ ನ್ಯಾಸದ ನಿರಾಮಯ ಯೋಜನೆಯಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿಗಳವರೆಗೆ ಆರೋಗ್ಯ ವಿಮೆಯುಂಟು. ನಮ್ಮ ಪ್ರಸಾದ ನಿಲಯಗಳಲ್ಲಿ ಓದಿ ಇಂದು ವಕೀಲರೂ ವೈದ್ಯರೂ ತಾಲ್ಲೂಕು ಕಚೇರಿಯ ನೌಕರರೂ ಆಗಿರುವ ಹಳೆಯ ವಿದ್ಯಾರ್ಥಿಗಳು ತಮ್ಮ ಊರಿನ ಅಂಥ ತಂದೆಯೊಬ್ಬರ ಮನೆಗೆ ಹೋಗಿ, ಆ ಅರ್ಜಿಯನ್ನು ತುಂಬಿಕೊಟ್ಟು, ಹಾಗೆಯೇ ಅರ್ಧ ಗಂಟೆ ಅವರ ಜಗಲಿಯ ಮೇಲೆ ಕುಳಿತು ಬರಬಹುದು.